ಮೆಕ್ಕೆಕಟ್ಟಿನ ಮರದ ದೈವಗಳು, ಡೆಲ್ಲಿಯ ಗುಡಿ

ಗಂಗೊಳ್ಳಿಯ ಅಳಿವೆಯಲ್ಲಿ ಐದು ಹೊಳೆಗಳು ಕೂಡುತ್ತವೆ. ಆ ದಡದಿಂದ ಬ್ರಹ್ಮಾವರದವರೆಗೆ ದೈವದ ಮನೆಯಿಲ್ಲದ ಊರು ಹುಡುಕಿದರೂ ಸಿಗೋದು ಕಷ್ಟ. ಆದರೆ ದೈವಗಳ ಚರಿತ್ರೆ ಅಂತ ನಾವು ಓದಿದ್ದರಲ್ಲಿ ಹೆಚ್ಚಿನದು ಒಡೆಯರ ಜಗಲಿ ಮೇಲೆ ಕೂತು ಬರೆದದ್ದು. ಅಂಗಳದಲ್ಲಿ ನಿಂತವರ ಕಡೆಯಿಂದ ಬರೆದದ್ದಲ್ಲ.

ಶಿರಿಯಾರದ ಮೆಕ್ಕೆಕಟ್ಟು ನಂದಿಕೇಶ್ವರ ಗುಡಿಯನ್ನೇ ತಗೊಳ್ಳಿ. ಒಳಗೆ ನೂರಕ್ಕೂ ಹೆಚ್ಚು ಮರದ ವಿಗ್ರಹಗಳು, ಕಣ್ಣಿಗೆ ರಾಚುವ ಕೆಂಪು. ನಂದಿ, ಕುದುರೆ ಏರಿದವರು, ಕತ್ತಿ ಹಿಡಿದವರು, ಹೆಂಗಸರು, ಒಂದು ದಂಡೇ ನಿಂತ ಹಾಗೆ. ಮರದ ದೈವ ಕಲ್ಲಿನ ದೇವರಂತಲ್ಲ. ಅದು ಮುಕ್ಕಾಗುತ್ತೆ, ಹುಳ ಹಿಡಿಯುತ್ತೆ. ಆಗ ಹೊಸತು ಮಾಡಿಸ್ತಾರೆ. 1960ರ ದಶಕದಲ್ಲಿ ಮೆಕ್ಕೆಕಟ್ಟಿನಲ್ಲೂ ಹಾಗೇ ಆಯ್ತು. ಹೊಸ ವಿಗ್ರಹಗಳು ನಿಂತವು, ಹಳತು ಹೊರಬಿದ್ದವು. ಅವುಗಳಲ್ಲಿ ಹಲವು ಡೆಲ್ಲಿಯ ಕರಕುಶಲ ವಸ್ತುಸಂಗ್ರಹಾಲಯ ಸೇರಿದವು. 1956ರಲ್ಲಿ ಹುಟ್ಟಿದ ಆ ಸಂಗ್ರಹ ಅಖಿಲ ಭಾರತ ಕರಕುಶಲ ಮಂಡಳಿಯದು; ಮಂಡಳಿಯ ಅಧ್ಯಕ್ಷೆ ಆಗ ನಮ್ಮ ಮಂಗಳೂರಿನವರೇ ಆದ ಕಮಲಾದೇವಿ ಚಟ್ಟೋಪಾಧ್ಯಾಯ. ಮುಂದೆ ಚಾರ್ಲ್ಸ್ ಕೊರಿಯಾ ಕಟ್ಟಿಕೊಟ್ಟ ಮನೆಯಲ್ಲಿ ಈ ಭೂತಗಳಿಗೇ ಒಂದು ಅಂಕಣವಾಯಿತು.

ಅದೂ ಒಂದು ಗುಡಿಯೇ, ಕಲ್ಪನೆಯ ಗುಡಿ. ಸಂಗ್ರಹಿಸಿದವರು, ಮನೆ ಕಟ್ಟಿದವರು, ಸಾಲಾಗಿ ನಿಲ್ಲಿಸಿದವರು ಎಲ್ಲ ಕೂಡಿ ಮಾಡಿದ್ದು. ಹಾಲಿಲ್ಲ, ಬಲಿಯಿಲ್ಲ, ದರ್ಶನವಿಲ್ಲ, ಆದರೂ ಒಳಗೆ ಹೋದವರು ದನಿ ತಗ್ಗಿಸಿ ಮಾತಾಡ್ತಾರೆ. ವಿಚಿತ್ರ ನೋಡಿ: ಊರಿನ ಎಷ್ಟೋ ದೈವದ ಮನೆಗಳಲ್ಲಿ ಗೆರೆಯಾಚೆ ನಿಂತವನ ಮಗ, ಅಲ್ಲಿ ಅದೇ ದೈವದೆದುರು ಮೊಳ ದೂರದಲ್ಲಿ ನಿಲ್ಲಬಹುದು. ಯಾರೂ ಜಾತಿ ಕೇಳೋದಿಲ್ಲ. ಇದನ್ನು ನಾವು ಸಣ್ಣ ಸಂಗತಿ ಅನ್ನೋದಿಲ್ಲ.

ಆದರೆ ಮರ ಹೋಯ್ತು, ಮನುಷ್ಯ ಉಳಿದ. ಕೆತ್ತಿದ ಆಚಾರಿ, ದೀವಟಿಗೆ ಹಿಡಿದ ಮಡಿವಾಳ, ಮೈಮೇಲೆ ದೈವ ಹೊತ್ತವನು, ಇವರಿಲ್ಲದೆ ದೈವ ಎದ್ದು ನಿಲ್ಲುವುದಿಲ್ಲ. ತೆಂಕಿನಲ್ಲಿ ನಲಿಕೆ, ಪರವ, ಪಂಬದರು. ಕುಂದಾಪುರದ ಕಡೆ ಪಾಣರು. ರಾತ್ರಿ ಒಡೆಯ ಕೈಮುಗಿದು ನಿಲ್ಲುತ್ತಾನೆ, ಬೆಳಗಾದರೆ ಅದೇ ಪಾಣ ಅಂಗಳದ ಕೆಳಗೆ. ಆ ಒಂದು ರಾತ್ರಿಯ ಗೌರವವನ್ನು ತೋರಿಸಿ ವರ್ಷದ ಉಳಿದ ಹಗಲುಗಳನ್ನು ಮುಚ್ಚಿಟ್ಟ ಜಾಣತನ ಸಾಮಾನ್ಯದ್ದಲ್ಲ. 1974ರ ಭೂಸುಧಾರಣೆ ಗೇಣಿದಾರನಿಗೆ ಹೊಲ ಕೊಟ್ಟಿತು. ಗೇಣಿ ಚೀಟಿಯೂ ಇಲ್ಲದೆ ಬರೀ ಕೂಲಿಯಾಗಿ ದುಡಿದವನಿಗೆ ಏನು ಸಿಕ್ಕಿತು? ಕೊರಗರನ್ನು ಅವಮಾನಿಸುತ್ತಿದ್ದ ಅಜಲು ಪದ್ಧತಿಯನ್ನು ಕಾನೂನಿನಿಂದ ನಿಷೇಧಿಸಲು 2000ನೇ ಇಸವಿ ಬರಬೇಕಾಯ್ತು. ಅವರ ಡೋಲು ಮಾತ್ರ ಎಲ್ಲರ ಉತ್ಸವಕ್ಕೂ ಬೇಕಿತ್ತು!

2022ರಲ್ಲಿ ‘ಕಾಂತಾರ’ ಸಿನಿಮಾ ಬಂತು. ಅದೇ ವರ್ಷ ಸರ್ಕಾರ 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಘೋಷಿಸಿತು. ಇಷ್ಟು ತಡವಾಗಿ, ಇಷ್ಟು ಕಡಿಮೆ.

ಊರ ಶಾಲೆಗಳ ಮೇಷ್ಟ್ರುಗಳಲ್ಲಿ ನಮ್ಮದೊಂದು ಕೇಳಿಕೆ. ಮಕ್ಕಳನ್ನು ಪಾಣರ ಮನೆಗೆ, ಕೊರಗರ ಕೇರಿಗೆ ಕಳಿಸಿ. ಯಾವ ದೈವಕ್ಕೆ ಯಾರು ಬಣ್ಣ ಕಟ್ಟಿದರು, ಡೋಲು ಬಡಿದವರು ಯಾರು, ಕೈಗೆ ಬಂದ ಅಕ್ಕಿ ಎಷ್ಟು ಸೇರು, ಊಟಕ್ಕೆ ಎಲ್ಲಿ ಕೂರಿಸಿದರು, ಎಲ್ಲ ಬರೆಸಿ. ಮುದುಕರು ಇನ್ನೂ ಇದ್ದಾರೆ.