ಇಕ್ಕೇರಿಯ ಜನವಸತಿಯೂ ಮಾರ್ಗಗಳೂ

ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣಕ್ಕೆ ದಕ್ಷಿಣದಲ್ಲಿರುವ ಇಕ್ಕೇರಿಯು ಇಂದು ಒಂದು ಸಣ್ಣ ಗ್ರಾಮವು. ಹೊಸದಾಗಿ ಬಂದವನು ಅಘೋರೇಶ್ವರ ದೇವಾಲಯದ ಘನತೆಯನ್ನೂ ಸುತ್ತಲಿನ ಮನೆಗಳ ವಿರಳತೆಯನ್ನೂ ಒಟ್ಟಿಗೆ ಕಂಡು, ಇಷ್ಟು ದೊಡ್ಡ ಗುಡಿಯನ್ನು ಇಷ್ಟು ಸ್ವಲ್ಪ ಜನರು ಕಟ್ಟಿದರೇ ಎಂದು ಬೆರಗಾಗುವನು. ಕಟ್ಟಿದ ಕಾಲದಲ್ಲಿ ಜನರಿದ್ದರು. ಅವರು ಎಲ್ಲಿಗೆ ಹೋದರು, ಏಕೆ ಹೋದರು ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯವು.

ಕೆಳದಿಯಲ್ಲಿ ಮೂಡಿದ ವೀರಶೈವ ನಾಯಕರ ರಾಜ್ಯವು 16ನೆಯ ಶತಮಾನದಲ್ಲಿ ಇಕ್ಕೇರಿಯನ್ನು ರಾಜಧಾನಿಯನ್ನಾಗಿ ಮಾಡಿಕೊಂಡಿತು. ಘಟ್ಟದ ಮೇಲಣ ಮೆಣಸು ಕರಾವಳಿಯ ಬಂದರುಗಳಿಗೆ ಇಳಿಯುತ್ತಿದ್ದ ಕಾಲವದು. ಆ ಮೆಣಸಿನ ವ್ಯಾಪಾರಕ್ಕಾಗಿ ಪೋರ್ಚುಗೀಸರೂ ಈ ಅರಸರ ಸ್ನೇಹವನ್ನು ಬಯಸುತ್ತಿದ್ದರು. 1623ರಲ್ಲಿ ಅವರ ರಾಯಭಾರಿಯೊಡನೆ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆಯು ಹೊನ್ನಾವರದಿಂದ ಗೇರುಸೊಪ್ಪೆಯ ಹೊಳೆಯಲ್ಲಿ ದೋಣಿಯಿಂದ ಬಂದು, ಘಟ್ಟವನ್ನೇರಿ, ವೆಂಕಟಪ್ಪನಾಯಕನ ಈ ನಗರವನ್ನು ಸೇರಿದನು. ಊರಿಗೆ ಮೂರು ಸುತ್ತಿನ ಆವರಣಗಳಿದ್ದುವೆಂದೂ, ಹೊರಗಣವು ಒತ್ತಾಗಿ ಬೆಳೆಸಿದ ಬಿದಿರಿನವೆಂದೂ, ಬೀದಿಗಳು ಉದ್ದವಾಗಿ ಮರಗಳ ನೆರಳಿನಿಂದ ಕೂಡಿದ್ದುವೆಂದೂ, ಆದರೆ ಮನೆಗಳು ವಿರಳವೆಂದೂ ಅವನು ಬರೆದಿರುವನು.

1637ರಲ್ಲಿ ಬಿಜಾಪುರದ ಸೇನೆಯು ಇಕ್ಕೇರಿಯನ್ನು ಹಿಡಿಯಿತು. ಅನಂತರ ವೀರಭದ್ರನಾಯಕನು ರಾಜಧಾನಿಯನ್ನು ಬಿದನೂರಿಗೆ ಒಯ್ದನು. ಬಿದನೂರಿಗೆ ಬೆಟ್ಟಗಳೇ ಕೋಟೆ; ಹೊಸಂಗಡಿಯ ಘಟ್ಟದಿಂದ ಕುಂದಾಪುರದ ಕಡೆಗೆ ಇಳಿಯುವ ದಾರಿಯೂ ಅದರ ಕೈಯಲ್ಲಿತ್ತು. ಅರಮನೆಯೂ ವ್ಯಾಪಾರವೂ ಅತ್ತ ತಿರುಗಿದುವು. ಟಂಕಸಾಲೆಯೂ ಹೋಯಿತು, ನಾಣ್ಯದ ಹೆಸರು ಮಾತ್ರ ಇಕ್ಕೇರಿ ವರಹವೆಂದೇ ಉಳಿಯಿತು.

1801ರಲ್ಲಿ ಇಲ್ಲಿಗೆ ಬಂದ ಬುಕಾನನ್ ಎಂಬ ಬ್ರಿಟಿಷ್ ಅಧಿಕಾರಿಗೆ ಪಟ್ಟಣವೇ ಕಾಣಲಿಲ್ಲ. ಹಿಂದೆ ಇಲ್ಲಿ ಲಕ್ಷ ಮನೆಗಳಿದ್ದುವೆಂದು ಜನರು ಹೇಳಿದರು. ದೆಲ್ಲ ವಲ್ಲೆಯ ಮಾತನ್ನು ಇದರೊಡನೆ ಇಟ್ಟು ನೋಡಿದರೆ, ಲಕ್ಷವೆಂಬುದು ಎಣಿಸಿದ ಲೆಕ್ಕವಲ್ಲ, ಕಳೆದ ಸಿರಿಯ ನೆನಪೆಂದು ತಿಳಿಯುವುದು. ಆದರೆ ಬುಕಾನನ್ನನ ಇನ್ನೊಂದು ಮಾತು ಮನನೀಯವು: ಊರು ಬರಿದಾದುದು ಉತ್ಪಾತದಿಂದಲ್ಲ, ಆಸ್ಥಾನವು ಹೊರಟಾಗ ಪ್ರಜೆಗಳು ತಾವಾಗಿಯೇ ಅದರ ಹಿಂದೆ ಹೊರಟರು. ಬಿದನೂರಿಗಾದರೂ ಆ ಭಾಗ್ಯವು ಸ್ಥಿರವಾಗಲಿಲ್ಲ. 1763ರಲ್ಲಿ ಹೈದರಾಲಿಯ ವಶವಾದ ಆ ನಗರವು ಈಗ ಹೊಸನಗರ ತಾಲ್ಲೂಕಿನ ಒಂದು ಊರಾಗಿದೆ.

ಮಾರ್ಗವು ತಿರುಗಿದರೆ ಜನವೂ ತಿರುಗುವುದೆಂಬ ಈ ನಿಯಮವು ಮುಂದೆಯೂ ನಡೆಯಿತು. ಸದಾಶಿವನಾಯಕನ ಕೆರೆಯಿಂದ ಹೆಸರು ಪಡೆದ ಸಾಗರವು ತಾಲ್ಲೂಕಿನ ಮುಖ್ಯ ಪಟ್ಟಣವಾಯಿತು. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹಾಕಿದ ರೈಲುದಾರಿಯೂ ಸಾಗರವನ್ನೇ ಹಾದುಹೋಯಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಹರಡಲು, ಪಶ್ಚಿಮದ ಹಳ್ಳಿಗಳು ಸಾಗರದಿಂದ ಅಗಲಿ ಲಾಂಚಿಗಾಗಿ ಕಾದು ನಿಲ್ಲಬೇಕಾಯಿತು. 2025ರಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಸೇತುವೆಯು ತೆರೆದ ಮೇಲೆಯೇ ಆ ಕಷ್ಟವು ಕಳೆಯಿತು.

ಕೆಳದಿಯ ಅರಸರು ದಾರಿಯ ಈ ಮಹತ್ವವನ್ನು ಬಲ್ಲವರು. ಮಠಗಳಿಗೆ ಭೂಮಿಯನ್ನು ಬಿಟ್ಟು ಜಂಗಮರ ದಾಸೋಹವನ್ನು ನಡೆಯಿಸಿದರು. ಅನ್ನ ದೊರೆಯುವ ಮಠವಿದ್ದಲ್ಲಿ ಪಥಿಕನು ತಂಗುವನು. ಪಥಿಕನು ತಂಗುವಲ್ಲಿ ಊರು ಬಾಳುವುದು.

ಅಘೋರೇಶ್ವರನ ಗುಡಿಯ ನೆಲಗಲ್ಲಿನಲ್ಲಿ ದೇವರಿಗೆ ವಂದಿಸುತ್ತಿರುವ ಕೆಳದಿಯ ಅರಸರ ಆಕೃತಿಗಳಿವೆ. ಸಿಂಹಾಸನವು ಹೋಯಿತು, ಟಂಕಸಾಲೆಯು ಹೋಯಿತು, ಸಂತೆಯು ಹೋಯಿತು. ಆ ವಂದನೆಯು ಮಾತ್ರ ಇಕ್ಕೇರಿಯನ್ನು ಬಿಟ್ಟು ಹೋಗಲಿಲ್ಲ. ಉಳಿದ ಕೆಲವು ಮನೆಗಳವರು ಅದನ್ನು ಕಾಯ್ದುಕೊಂಡು ಬಂದಿರುವುದೇ ಈ ಊರಿನ ಹಿರಿಮೆಯು.