ಕೊಂದವರ ರಾಜಧಾನಿಯಲ್ಲಿ ರಿಸಾಲ್

ಸ್ಪೇನಿನ ರಾಜಧಾನಿಯಾದ ಮ್ಯಾಡ್ರಿಡ್ ನಗರದಲ್ಲಿ ಫಿಲಿಪೀನ್ಸ್ ದ್ವೀಪಗಳ ಹೆಸರು ಹೊತ್ತ ವಿಶಾಲವಾದ ಬೀದಿಯೊಂದುಂಟು. ಅದರ ಬದಿಯಲ್ಲಿ ಒಂದು ಕಲ್ಲಿನ ಸ್ತಂಭ. ಸ್ತಂಭದ ಮುಂದೆ ಓವರ್‌ಕೋಟು ತೊಟ್ಟು, ಕೈಯಲ್ಲಿ ಪುಸ್ತಕ ಹಿಡಿದು ನಿಂತ ತರುಣ. ಈತನೇ ಫಿಲಿಪೀನೋ ಜನರ ರಾಷ್ಟ್ರವೀರ ಹೋಸೆ ರಿಸಾಲ್. ಸ್ಮಾರಕ ಅನಾವರಣಗೊಂಡದ್ದು 1996ರ ಡಿಸೆಂಬರಿನಲ್ಲಿ. ರಿಸಾಲ್ ತೀರಿಕೊಂಡು ಆ ತಿಂಗಳಿಗೆ ಸರಿಯಾಗಿ ನೂರು ವರ್ಷ. ತೀರಿಕೊಂಡ ಎನ್ನುವುದು ಸೌಜನ್ಯದ ಮಾತು. ಸ್ಪೇನಿನ ಸರಕಾರವೇ ಆತನನ್ನು ಗುಂಡಿಟ್ಟು ಕೊಂದಿತು.

ಇದು ಮನಿಲದಲ್ಲಿರುವ ಸ್ಮಾರಕದ ಪ್ರತಿರೂಪ. ಮೂಲವನ್ನು ರೂಪಿಸಿದವನು ರಿಚರ್ಡ್ ಕಿಸ್ಲಿಂಗ್ ಎಂಬ ಸ್ವಿಸ್ ಶಿಲ್ಪಿ. 1913ರಲ್ಲಿ ಅದು ಸಿದ್ಧವಾಯಿತು. ಮನಿಲದ ಬಿಸಿಲಿನಲ್ಲಿ ಓವರ್‌ಕೋಟು ಏತಕ್ಕೆ ಎಂದು ಆಡಿಕೊಂಡವರುಂಟು. ಮ್ಯಾಡ್ರಿಡ್ಡಿನ ಚಳಿಗಾಲಕ್ಕೆ ಮಾತ್ರ ಅದು ಚೆನ್ನಾಗಿ ಒಪ್ಪುತ್ತದೆ!

ಒಪ್ಪುವುದು ಕೋಟು ಒಂದೇ ಅಲ್ಲ. ರಿಸಾಲ್ ಆ ಊರಿಗೆ ಪರಕೀಯನಾಗಿರಲಿಲ್ಲ. 1882ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ವೈದ್ಯ ಕಲಿಯಲೆಂದು ಅಲ್ಲಿಗೆ ಹೋದ. 'ನೋಲಿ ಮೆ ತಾಂಗೆರೆ' ಎಂಬ ಕಾದಂಬರಿಯನ್ನು ಬರೆಯತೊಡಗಿದ್ದು ಅಲ್ಲಿಯೇ. ಅದು ಅಚ್ಚಾದದ್ದು 1887ರಲ್ಲಿ, ಬರ್ಲಿನ್ನಿನಲ್ಲಿ. ತನ್ನ ನಾಡಿನಲ್ಲಿ ಪಾದ್ರಿಗಳು ನಡೆಸುತ್ತಿದ್ದ ದರ್ಬಾರನ್ನು ಬಯಲಿಗೆಳೆದ ಆ ಪುಸ್ತಕವನ್ನು ಆತ ಬರೆದದ್ದು ಆಳುವವರ ಭಾಷೆಯಲ್ಲಿ, ಅವರಿಗೂ ತಿಳಿಯಲಿ ಎಂದು. ಆತ ಬೇಡಿದ್ದಾದರೂ ಎಷ್ಟು? ಸ್ಪೇನಿನ ಪಾರ್ಲಿಮೆಂಟಿನಲ್ಲಿ ತನ್ನ ಜನರಿಗೆ ಸ್ಥಾನ, ಕಾನೂನಿನ ಮುಂದೆ ಸಮಾನತೆ. 1896ರಲ್ಲಿ ಬೋನಿಫಾಸಿಯೋನ ಗುಪ್ತಸಂಘದವರು ಬಂಡಾಯಕ್ಕೆ ಅಭಿಪ್ರಾಯ ಕೇಳಿದಾಗ, ಕಾಲ ಪಕ್ವವಾಗಿಲ್ಲವೆಂದ. ಸ್ಪೇನಿನ ಸೈನ್ಯಕ್ಕೆ ವೈದ್ಯನಾಗಿ ಕ್ಯೂಬಾಕ್ಕೆ ಹೋಗಲು ತಾನಾಗಿಯೇ ಮುಂದೆ ಬಂದು ಹಡಗು ಹತ್ತಿದ. ದಾರಿಯಲ್ಲಿ ಬಂಧಿಸಿ, ಬಾರ್ಸೆಲೋನದಿಂದ ಹಿಂದಕ್ಕೆ ತಂದು, ರಾಜದ್ರೋಹದ ವಿಚಾರಣೆ ನಡೆಸಿದರು.

ಡಿಸೆಂಬರ್ 30ರ ಬೆಳಗ್ಗೆ ಮನಿಲದ ಬಯಲಿನಲ್ಲಿ ಗುಂಡು ಹಾರಿಸಲು ನಿಲ್ಲಿಸಿದವರು ಫಿಲಿಪೀನೋ ಸಿಪಾಯಿಗಳನ್ನೇ. ಅವರ ಬೆನ್ನ ಹಿಂದೆ ಸ್ಪೇನಿನ ಸಿಪಾಯಿಗಳ ಇನ್ನೊಂದು ಸಾಲು: ಮುಂದಿನವರು ಹಿಂಜರಿದರೆ ಅವರಿಗೇ ಗುಂಡು. ದ್ರೋಹಿಗೆ ಬೆನ್ನಿಗೇ ಹೊಡೆಯಬೇಕೆಂಬ ವಿಧಿ. ಎದೆಗೆ ಹೊಡೆಯಿರೆಂದು ಕೇಳಿದರೂ ಒಪ್ಪಲಿಲ್ಲ. ಗುಂಡು ತಾಗಿದೊಡನೆ ಆತ ಮೈ ತಿರುಗಿಸಿ, ಮುಖ ಮೇಲಾಗಿ ಬಿದ್ದ. ವಯಸ್ಸು ಮೂವತ್ತೈದು. ಎರಡೇ ವರ್ಷಗಳಲ್ಲಿ ಸ್ಪೇನ್ ಆ ದ್ವೀಪಗಳನ್ನು ಎರಡು ಕೋಟಿ ಡಾಲರಿಗೆ ಅಮೆರಿಕಕ್ಕೆ ಬಿಟ್ಟುಕೊಟ್ಟಿತು.

ಇಂಥವನಿಗೆ ಸ್ಪೇನ್ ಪ್ರತಿಮೆ ನಿಲ್ಲಿಸಿದ್ದು ಪಶ್ಚಾತ್ತಾಪವೋ, ಸತ್ತ ಮೇಲೆ ತನ್ನವನನ್ನಾಗಿ ಮಾಡಿಕೊಳ್ಳುವ ಜಾಣತನವೋ? ಲಂಡನ್ನಿನ ಪಾರ್ಲಿಮೆಂಟಿನೆದುರು 2015ರಲ್ಲಿ ಗಾಂಧೀಜಿಯ ಪ್ರತಿಮೆ ಎದ್ದಾಗಲೂ ನನ್ನಲ್ಲಿ ಇದೇ ಸಂದೇಹ ಮೂಡಿತ್ತು. ಮನಿಲದ ಸ್ಮಾರಕವೂ ಈ ಸಂದೇಹದಿಂದ ಪಾರಾಗಿಲ್ಲ. ಅದು ಎದ್ದದ್ದು ಅಮೆರಿಕನ್ನರ ಆಳ್ವಿಕೆಯಲ್ಲಿ. ಕತ್ತಿ ಹಿಡಿದ ಬೋನಿಫಾಸಿಯೋಗಿಂತ ಪುಸ್ತಕ ಹಿಡಿದ ರಿಸಾಲ್ ಆಳುವವರಿಗೆ ಹೆಚ್ಚು ಹಿತವಾಗಿ ಕಂಡಿದ್ದರೆ ಆಶ್ಚರ್ಯವೇನು?

ಆದರೂ ಎಲ್ಲವನ್ನೂ ಜಾಣತನವೆಂದು ತಳ್ಳಿಹಾಕಲಾರೆ. ರೆತಾನ ಎಂಬ ಸ್ಪೇನಿನ ಪತ್ರಕರ್ತನೊಬ್ಬನಿದ್ದ. ರಿಸಾಲನ ಮನೆಯವರು ಜಮೀನಿನ ಗೇಣಿ ಬಾಕಿ ಉಳಿಸಿಕೊಂಡಿದ್ದಾರೆಂದು ಬರೆದು, ಆತನಿಂದ ದ್ವಂದ್ವಯುದ್ಧದ ಪಂಥಾಹ್ವಾನ ಪಡೆದು, ಮಾತು ಹಿಂತೆಗೆದುಕೊಂಡ ಮನುಷ್ಯ. ಅದೇ ರೆತಾನ 1907ರಲ್ಲಿ ಮ್ಯಾಡ್ರಿಡ್ಡಿನಲ್ಲಿ ರಿಸಾಲನ ಬೃಹತ್ ಜೀವನಚರಿತ್ರೆಯನ್ನು ಪ್ರಕಟಿಸಿದ. ಆಗ ಅದರಿಂದ ಯಾವ ಸರಕಾರಕ್ಕೂ ಲಾಭವಿರಲಿಲ್ಲ.

ಮ್ಯಾಡ್ರಿಡ್ಡಿನ ಸ್ಮಾರಕದಲ್ಲಿ ರಿಸಾಲನ ಕೊನೆಯ ಕವಿತೆಯನ್ನು ಸ್ಪ್ಯಾನಿಷ್ ಮತ್ತು ತಗಾಲೊಗ್ ಭಾಷೆಗಳಲ್ಲಿ ಕೆತ್ತಿದ್ದಾರೆ. ಸೆರೆಮನೆಯ ಕಾವಲುಗಾರರ ಕಣ್ಣು ತಪ್ಪಿಸಿ, ಪುಟ್ಟದೊಂದು ಸ್ಪಿರಿಟ್ ಒಲೆಯೊಳಗೆ ಬಚ್ಚಿಟ್ಟು ಮನೆಯವರಿಗೆ ದಾಟಿಸಿದ ಪದ್ಯವದು. ಆತ ಅದನ್ನು ಬರೆದದ್ದೂ ಸ್ಪ್ಯಾನಿಷ್ ಭಾಷೆಯಲ್ಲಿಯೇ. ಫಿಲಿಪೀನ್ಸಿನಲ್ಲಿ ಇಂದು ಆ ಭಾಷೆ ಬಲ್ಲವರು ವಿರಳ. ಅಲ್ಲಿನ ಮಕ್ಕಳು ತಮ್ಮ ರಾಷ್ಟ್ರವೀರನ ಕೊನೆಯ ಮಾತನ್ನು ಅನುವಾದದಲ್ಲಿ ಓದುತ್ತಾರೆ. ಮ್ಯಾಡ್ರಿಡ್ಡಿನ ದಾರಿಹೋಕನಿಗೆ ಅನುವಾದ ಬೇಕಿಲ್ಲ.