ತಿರುಪು

ತಿರುಪು

‘ಇನ್ನೊಂಚೂರು ತಿರುಪು, ಬಿಗಿಯಾಗುತ್ತೆ’ ಎಂಬ ಮಾತು ಪೈಪ್ ಜೋಡಿಸುವ ಕಡೆಯಲ್ಲೆಲ್ಲ ಕೇಳುತ್ತದೆ. ತಿರುಪು, ಬಿಗಿ ಎರಡೂ ಒಂದೇ ಎಂಬಂತೆ. ಒಂದಲ್ಲ.

ತಿರುಪು ಪದದ ಮೂಲ ‘ತಿರಿ’: ಸುತ್ತು, ಅಲೆ. ತಿರುಗು, ತಿರುಚು, ತಿರುಗಣಿ ಎಲ್ಲ ಇದೇ ಬಳಗ. ಊರೂರು ಅಲೆದು ಬೇಡುವವನು ತಿರುಕನಾದದ್ದೂ ಇಲ್ಲಿಂದಲೇ; ಅವನು ಬೇಡಿದ್ದು ತಿರುಪೆ. ತಮಿಳಿನಲ್ಲಿ ತಿರುಪ್ಪು, ತೆಲುಗಿನಲ್ಲಿ ತ್ರಿಪ್ಪು. ಇಂದು ತಿರುಪು ಎಂದರೆ ಹೆಚ್ಚಾಗಿ ಸ್ಕ್ರೂ. ತಿರುಪುವ ಬಲಕ್ಕೆ ಎಂಜಿನಿಯರರು ಹೇಳುವ ‘ಟಾರ್ಕ್’ ಕೂಡ ತಿರುಚು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು. 1884ರ ಸುಮಾರಿಗೆ ಅದನ್ನು ಬಳಕೆಗೆ ತಂದವರು ಲಾರ್ಡ್ ಕೆಲ್ವಿನ್ನರ ಅಣ್ಣ ಜೇಮ್ಸ್ ಥಾಮ್ಸನ್.

ತಿರುಪುವುದು ಕೈಯ ಕೆಲಸ, ಬಿಗಿ ಬೋಲ್ಟಿನೊಳಗಿನ ಸೆಳೆತ. ಪೈಪಿನ ತುದಿಯ ಫ್ಲ್ಯಾಂಜುಗಳ ನಡುವಿನ ಗ್ಯಾಸ್ಕೆಟ್ಟನ್ನು ಅದುಮಿ ಹಿಡಿಯುವುದು ಈ ಸೆಳೆತ. ನಾವು ಹಾಕುವ ಟಾರ್ಕ್‌ನಲ್ಲಿ ಸುಮಾರು ಶೇ. 10ರಷ್ಟೇ ಬೋಲ್ಟನ್ನು ಹಿಗ್ಗಿಸುತ್ತದೆ; ಉಳಿದದ್ದನ್ನು ನಟ್ಟಿನ ಅಡಿಯ, ಮರೆಯ (ಥ್ರೆಡ್‌ನ) ಘರ್ಷಣೆ ನುಂಗುತ್ತದೆ. ಲೆಕ್ಕ ಸರಳ: ಘರ್ಷಣೆಗೆ ತಕ್ಕಂತೆ ಬದಲಾಗುವ ಒಂದು ಗುಣಾಂಕ, ಬೋಲ್ಟಿನ ವ್ಯಾಸ, ಬೇಕಾದ ಸೆಳೆತ, ಮೂರರ ಗುಣಲಬ್ಧ. 16 ಮಿ.ಮೀ. ಬೋಲ್ಟಿನಲ್ಲಿ 50 ಕಿಲೋನ್ಯೂಟನ್ ಸೆಳೆತ ಬೇಕೆನ್ನಿ. ಒಣ ಮರೆಗೆ ಗುಣಾಂಕ 0.2 ಹಿಡಿದರೆ 160 ನ್ಯೂಟನ್-ಮೀಟರ್. ಗ್ರೀಸ್ ಹಚ್ಚಿ ಅದು 0.15ಕ್ಕೆ ಇಳಿದರೆ 120 ಸಾಕು. ಗ್ರೀಸ್ ಹಚ್ಚಿಯೂ 160ಕ್ಕೇ ತಿರುಪಿದರೆ ಸೆಳೆತ 66 ಕಿಲೋನ್ಯೂಟನ್ ದಾಟುತ್ತದೆ, ಮೆತ್ತನೆಯ ಗ್ಯಾಸ್ಕೆಟ್ ಜಜ್ಜಿಹೋಗಬಹುದು. ಆದ್ದರಿಂದ ಟಾರ್ಕ್ ಅಂಕಿ ಕೇಳುವ ಮುನ್ನ ಮರೆಗೆ ಏನು ಹಚ್ಚಿದ್ದಾರೆಂದು ಕೇಳಬೇಕು. ತಿರುಪುವುದೂ ಒಂದೇ ಏಟಿಗಲ್ಲ: ಎದುರುಬದುರು ಬೋಲ್ಟುಗಳನ್ನು ಹಿಡಿದು ಮೊದಲು ಶೇ. 30, ಆಮೇಲೆ 60, ಕೊನೆಗೆ ಪೂರ್ತಿ.